ನೂರು ಮೈಲಿ ವೇಗದ ಬೋಟು ಸಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸೇಂಟ್ ಲೂಯಿಸ್‌ನಲ್ಲಿ ಕೆಲಸಕ್ಕಿದ್ದಾಗ ನನ್ನ ಬೇಸಿಗೆಯ ಶನಿವಾರಗಳು ಹೆಚ್ಚಾಗಿ ಮಿಸೌರಿಯ ಲೇಕ್ ಆಫ್ ದಿ ಓಝಾರ್ಕ್ಸ್‌ನಲ್ಲಿ ಕಳೆದವು. ಹೆಸರಿಗೆ ಅದು ಸರೋವರ. ನಿಜಕ್ಕೂ 1931ರಲ್ಲಿ ಬ್ಯಾಗ್ನೆಲ್ ಅಣೆಕಟ್ಟು ಮುಗಿದಾಗ ಹುಟ್ಟಿದ ಹಿನ್ನೀರು. ನಮ್ಮ ಲಿಂಗನಮಕ್ಕಿ ಹಿನ್ನೀರಿನ ಹಾಗೆ ಗುಡ್ಡಗಳ ಸಂದಿಯಲ್ಲಿ ಬೆರಳು ಬೆರಳಾಗಿ ಹರಡಿದೆ. ಆಫೀಸಿನ ಸ್ನೇಹಿತನೊಬ್ಬನ ಹತ್ತಿರ 1990ರ ದಶಕದ 35 ಅಡಿಯ ವೇಗದ ಬೋಟಿತ್ತು. ಬೋಟು ಅವನದು, ಎಂಜಿನ್ ಆಯಿಲ್ ಮೆತ್ತಿಕೊಂಡ ಕೈ ನನ್ನದು. ಊರಿಗೆ ಬಂದ ಮೇಲೆ ಫೋಟೊ ನೋಡಿದವರೆಲ್ಲ ಅದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅದಕ್ಕೆ ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ನೀವು ಹೇಳ್ತಿರೋದು ಮಲ್ಪೆಯಲ್ಲಿ ಸಿಗುವ ಸ್ಪೀಡ್ ಬೋಟ್ ತರಹದ್ದಾ?

ಅಲ್ಲ. ಮಲ್ಪೆ ಬೀಚಿನಲ್ಲಿ ನಾವು ಟಿಕೆಟ್ ತಗೊಂಡು ಕೂರುವ ಬೋಟು ಇದರ ಮುಂದೆ ಪುಟ್ಟ ಮಗು. ಇಲ್ಲಿ ಹೇಳುತ್ತಿರುವುದು 30ರಿಂದ 50 ಅಡಿ ಉದ್ದದ, ಚೂಪು ಮೂತಿಯ ಬೋಟುಗಳ ಬಗ್ಗೆ. ಎರಡು ಎಂಜಿನ್, ಒಂದೊಂದೂ 500 ಎಚ್‌ಪಿ ಅಥವಾ ಅದಕ್ಕೂ ಜಾಸ್ತಿ. ಗಂಟೆಗೆ 70 ಮೈಲಿಯಿಂದ ಶುರುವಾಗಿ 100 ಮೈಲಿ, ಅಂದರೆ 160 ಕಿಲೋಮೀಟರ್ ದಾಟುತ್ತವೆ. ಮೀನು ಹಿಡಿಯೋಕೆ ಆಗಲ್ಲ, ಮಲಗೋಕೆ ಸರಿಯಾದ ಜಾಗ ಇಲ್ಲ, ಪಕ್ಕದವರ ಮಾತು ಕೇಳಿಸಲ್ಲ. ವೇಗ ಒಂದೇ ಅದರ ಕೆಲಸ.

ಈ ಹುಚ್ಚು ಎಲ್ಲಿ ಶುರುವಾಯ್ತು?

ಫ್ಲಾರಿಡಾದ ಮಯಾಮಿಯಲ್ಲಿ. 1956ರಲ್ಲಿ ಮಯಾಮಿಯಿಂದ ಬಹಾಮಾಸ್‌ನ ನಸ್ಸೌಗೆ ಸಮುದ್ರದ ಮೇಲೆ ಮೋಟಾರು ಬೋಟುಗಳ ಓಟ ಶುರುವಾಯಿತು. ಆಗಿನ ಬೋಟುಗಳ ತಳ ಹೆಚ್ಚುಕಡಿಮೆ ಚಪ್ಪಟೆ. ಅಲೆ ಮೇಲಿಂದ ಬಿದ್ದಾಗ ಸವಾರನ ಬೆನ್ನುಮೂಳೆಗೇ ಪೆಟ್ಟು. ರೇ ಹಂಟ್ ಎಂಬ ವಿನ್ಯಾಸಕಾರ ತಳವನ್ನು ಆಳವಾದ 'ವಿ' ಆಕಾರಕ್ಕೆ ತಂದ. ನೇಗಿಲು ಮಣ್ಣು ಸೀಳಿದ ಹಾಗೆ ಅದು ಅಲೆಯನ್ನು ಸೀಳಿಕೊಂಡು ಹೋಗುತ್ತದೆ. 1960ರಲ್ಲಿ ಅಂಥ ತಳದ 'ಮಾಪಿ' ಎಂಬ ಬೋಟು ಕೆಟ್ಟ ಸಮುದ್ರದಲ್ಲೂ ಆ ಓಟ ಗೆದ್ದಿತು. ಅಲ್ಲಿಂದಾಚೆ ಎಲ್ಲರೂ ಅದೇ ತಳ ಹಿಡಿದರು.

ಆಮೇಲೆ ಬಂದವನು ಡಾನ್ ಅರೋನೊ. ನ್ಯೂಜೆರ್ಸಿಯಲ್ಲಿ ಕಟ್ಟಡ ಕಟ್ಟಿಸಿ ದುಡ್ಡು ಮಾಡಿ ಮಯಾಮಿಗೆ ಬಂದವನು. 1960ರ ದಶಕದಲ್ಲಿ ಒಂದರ ಹಿಂದೆ ಒಂದು ಕಂಪನಿ ಕಟ್ಟಿದ, ಮಾರಿದ: ಫಾರ್ಮುಲಾ, ಡಾಂಜಿ, ಮ್ಯಾಗ್ನಮ್, ದಶಕದ ಕೊನೆಗೆ ಸಿಗರೆಟ್. ಈ ಸಿಗರೆಟ್ ಅನ್ನೋ ಹೆಸರು ಪಾನನಿಷೇಧದ ಕಾಲದಲ್ಲಿ ಕಳ್ಳಸಾರಾಯಿ ಸಾಗಿಸುತ್ತಿದ್ದ ಒಂದು ದೋಣಿಯದು. ಅಮೆರಿಕದ ಅಧ್ಯಕ್ಷನಾದ ಹಿರಿಯ ಬುಷ್ ಹತ್ತಿರವೂ ಅರೋನೊನ ಬೋಟಿತ್ತು. ಅದೇ ಜಾತಿಯ ಬೋಟುಗಳಲ್ಲಿ ರಾತ್ರಿ ಹೊತ್ತು ಮಾದಕವಸ್ತು ಸಾಗಿಸುವವರೂ ಓಡಾಡುತ್ತಿದ್ದರು. ಅವರನ್ನು ಹಿಡಿಯಲು ಕಸ್ಟಮ್ಸ್‌ನವರಿಗೂ ಅರೋನೊನೇ ಬೋಟು ಮಾಡಿಕೊಟ್ಟ. 1987ರ ಫೆಬ್ರವರಿ 3ರಂದು, ತಾನೇ ಹೆಸರು ತಂದುಕೊಟ್ಟ ಬೋಟು ಕಾರ್ಖಾನೆಗಳ ಬೀದಿಯಲ್ಲಿ, ಕಾರಿನಲ್ಲಿ ಕೂತಿದ್ದಾಗ ಅವನನ್ನು ಗುಂಡಿಟ್ಟು ಕೊಂದರು.

ಆ ಹೊತ್ತಿಗೆ ಟಿವಿ ಧಾರಾವಾಹಿಗಳಲ್ಲೂ ಈ ಬೋಟುಗಳು ಮಿಂಚುತ್ತಿದ್ದವು. ನನ್ನ ಸ್ನೇಹಿತ ಹೈಸ್ಕೂಲಿನಲ್ಲಿದ್ದಾಗ ಗೋಡೆಗೆ ಅಂಟಿಸಿಕೊಂಡಿದ್ದು ಇದೇ ಬೋಟಿನ ಚಿತ್ರ. ಅವನ ವಯಸ್ಸಿನ ಗಂಡಸರು ತುಂಬಾ ಮಂದಿ ಆ ಚಿತ್ರವನ್ನೇ ನಲವತ್ತು ದಾಟಿದ ಮೇಲೆ ಸಾಲ ಮಾಡಿ ಕೊಂಡವರು.

ಹತ್ತು ಮೈಲಿ ಜಾಸ್ತಿ ವೇಗಕ್ಕೆ ಯಾಕೆ ಅಷ್ಟೊಂದು ದುಡ್ಡು?

ನೀರು ಸುಮ್ನೆ ದಾರಿ ಬಿಡಲ್ಲ. ಬೋಟಿನವರು ಬಳಸುವ ಒಂದು ಒರಟು ಲೆಕ್ಕ ಇದೆ: ಬೋಟು, ತೂಕ ಎರಡೂ ಅಷ್ಟೇ ಇದ್ದರೆ, ವೇಗ ಎರಡರಷ್ಟಾಗಲು ಎಚ್‌ಪಿ ನಾಲ್ಕರಷ್ಟಾಗಬೇಕು. 70 ಮೈಲಿಗೆ 1,000 ಎಚ್‌ಪಿ ಸಾಕಾದ ಬೋಟಿಗೆ 100 ಮೈಲಿ ಬೇಕಂದರೆ 2,000 ಎಚ್‌ಪಿ ಬೇಕು. ಅಷ್ಟು ದೊಡ್ಡ ಎಂಜಿನ್ ಹಾಕಿದರೆ ತೂಕವೂ ಏರುತ್ತದೆ, ಆಗ ಇನ್ನಷ್ಟು ಎಚ್‌ಪಿ. ಆ ಶಕ್ತಿ ತಡೆಯುವ ಗೇರ್ ಬೇಕು, ಪ್ರೊಪೆಲ್ಲರ್ ಬೇಕು, ತಳ ಇನ್ನೂ ಗಟ್ಟಿಯಾಗಿರಬೇಕು. ಕೊನೆಯ ಹತ್ತು ಮೈಲಿಗೆ ಮೊದಲಿನ ಐವತ್ತು ಮೈಲಿಗಿಂತ ಜಾಸ್ತಿ ಖರ್ಚಾಗುವುದು ಹೀಗೆ.

ಪೆಟ್ರೋಲ್ ಎಷ್ಟು ಕುಡಿಯುತ್ತೆ?

ಎಲ್ಲರೂ ಮೊದಲು ಕೇಳೋದೇ ಇದು. 500 ಎಚ್‌ಪಿಯ ಎರಡು ಎಂಜಿನ್‌ಗಳನ್ನು ಪೂರ್ತಿ ಬಿಟ್ಟರೆ ಗಂಟೆಗೆ 370 ಲೀಟರ್ ಆಸುಪಾಸು. ಒಂದು ಸ್ವಿಫ್ಟ್ ಕಾರಿನ ಟ್ಯಾಂಕು ಆರೇ ನಿಮಿಷದಲ್ಲಿ ಖಾಲಿ. ಆದರೆ ಯಾರೂ ಇಡೀ ದಿನ ಹಾಗೆ ಓಡಿಸಲ್ಲ. 45-50 ಮೈಲಿಯಲ್ಲಿ ಆರಾಮಾಗಿ ಹೋದರೆ ಒಂದು ಗ್ಯಾಲನ್‌ಗೆ, ಅಂದರೆ 3.8 ಲೀಟರ್‌ಗೆ, ಒಂದು ಮೈಲಿಗಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. 2022ರ ಜೂನ್‌ನಲ್ಲಿ ಅಮೆರಿಕದಲ್ಲಿ ಗ್ಯಾಲನ್‌ನ ಸರಾಸರಿ ಬೆಲೆ 5 ಡಾಲರ್ ದಾಟಿತು. ನೀರಿನ ದಂಡೆಯ ಪಂಪಿನಲ್ಲಿ ಅದಕ್ಕೂ ಜಾಸ್ತಿ. ಆ ಬೇಸಿಗೆ ನಮ್ಮ ದಂಡೆಯಲ್ಲಿ ಕಟ್ಟಿಹಾಕಿದ ಬೋಟುಗಳ ಮೇಲೆ ಕೂತು ಹರಟೆ ಹೊಡೆದವರೇ ಹೆಚ್ಚು.

ಹಾಗಾದ್ರೆ ಪೆಟ್ರೋಲೇ ದೊಡ್ಡ ಖರ್ಚು ಅಲ್ವಾ?

ಅಲ್ಲವೇ ಅಲ್ಲ. ಪೆಟ್ರೋಲ್ ಖರ್ಚು ಕಣ್ಣಿಗೆ ಕಾಣುತ್ತೆ, ಅಷ್ಟೇ. ಕಾಣದ್ದೇ ಕೈ ಕಚ್ಚೋದು.

ಎಂಜಿನ್‌ನಿಂದ ಶುರು ಮಾಡೋಣ. ಕಾರಿನ ಎಂಜಿನ್ ಹೆದ್ದಾರಿಯಲ್ಲಿ ಅರ್ಧ ಶಕ್ತಿಯನ್ನೂ ಬಳಸಲ್ಲ. ಬೋಟಿನ ಎಂಜಿನ್ ಯಾವಾಗಲೂ ಗುಡ್ಡ ಹತ್ತುತ್ತಲೇ ಇರುತ್ತದೆ. ಸೂಪರ್‌ಚಾರ್ಜರ್, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ, ಹಾಕಿದ ದೊಡ್ಡ ಎಂಜಿನ್‌ಗಳನ್ನು ಕೆಲವು ನೂರು ಗಂಟೆ ಓಡಿಸಿದ ಮೇಲೆ ಪೂರ್ತಿ ಬಿಚ್ಚಿ ಕಟ್ಟಬೇಕು. ಒಂದಕ್ಕೆ ಹತ್ತಾರು ಸಾವಿರ ಡಾಲರ್. ನೆನಪಿರಲಿ, ಎಂಜಿನ್ ಎರಡಿವೆ.

ಹಳೇ ಬೋಟುಗಳಲ್ಲಿ ಎಂಜಿನ್ ಒಳಗೆ, ಗೇರ್‌ಪೆಟ್ಟಿಗೆಯಿರುವ ಕಾಲು ಹಿಂದೆ ಹೊರಗೆ. ಇದಕ್ಕೆ ಸ್ಟರ್ನ್‌ಡ್ರೈವ್ ಅಂತಾರೆ. ಎಂಜಿನ್ನಿನ ಶಕ್ತಿ ಎರಡು ಕಡೆ ಲಂಬಕ್ಕೆ ತಿರುಗಿ ಪ್ರೊಪೆಲ್ಲರ್ ಮುಟ್ಟಬೇಕು. ಅಲೆ ಮೇಲೆ ಬೋಟು ಹಾರಿದಾಗ ಪ್ರೊಪೆಲ್ಲರ್ ಗಾಳಿಯಲ್ಲಿ ಗಿರ್ರನೆ ಸುತ್ತುತ್ತದೆ, ಮತ್ತೆ ನೀರು ಕಚ್ಚಿದಾಗ ಎಲ್ಲ ಪೆಟ್ಟೂ ಆ ಗೇರುಗಳ ಮೇಲೆ. ಹಾರುವ ಕ್ಷಣದಲ್ಲಿ ಥ್ರಾಟಲ್, ಅಂದರೆ ವೇಗದ ಹಿಡಿಕೆ, ಹಿಂದಕ್ಕೆ ಎಳೆದುಕೊಳ್ಳುವುದೇ ಒಂದು ವಿದ್ಯೆ. ಓಟಗಳಲ್ಲಿ ಅದಕ್ಕೆ ಅಂತಲೇ ಬೇರೆ ಆಳು ಇರುತ್ತಾನೆ, ಸ್ಟೀರಿಂಗ್‌ಗೆ ಇನ್ನೊಬ್ಬ. ನನ್ನ ಸ್ನೇಹಿತ ಎರಡನ್ನೂ ತಾನೇ ಮಾಡುತ್ತಿದ್ದ. ನಾನಿದ್ದ ಆರು ಬೇಸಿಗೆಯಲ್ಲಿ ಬೋಟಿನ ಆ ಗೇರ್‌ಕಾಲು ಮೂರು ಸಲ ಮುರಿಯಿತು.

ಚಳಿಗಾಲ ಬಂದರೆ ಎಂಜಿನ್ ಒಳಗಿನ ನೀರು ಒಂದು ಹನಿ ಬಿಡದೆ ಇಳಿಸಬೇಕು. ಹೆಪ್ಪುಗಟ್ಟಿದರೆ ಎಂಜಿನ್ನೇ ಸೀಳುತ್ತದೆ. ಉಪ್ಪುನೀರಿನ ಊರಾದರೆ ಪ್ರತಿ ಸವಾರಿ ಆದ ಮೇಲೂ ಸಿಹಿನೀರು ಹಾಯಿಸಿ ತೊಳೆಯಬೇಕು. ಎಥೆನಾಲ್ ಬೆರೆಸಿದ ಪೆಟ್ರೋಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ವಾರಗಟ್ಟಲೆ ನಿಂತ ಬೋಟಿನ ಟ್ಯಾಂಕಿನಲ್ಲಿ ಅದು ಬೇರೆಯಾಗಿ ತಳಕ್ಕಿಳಿದು ಕೂರುತ್ತದೆ. ನಮ್ಮಲ್ಲಿ ಈಗ ಇ20, ಅಂದರೆ 20% ಎಥೆನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆ ಬೈಕಿನವರು ಮಾಡುವ ಜಗಳವನ್ನು ಅಲ್ಲಿನ ಬೋಟಿನವರು ವರ್ಷಗಳಿಂದ ಮಾಡುತ್ತಿದ್ದಾರೆ, ಇಲ್ಲಿಗಿಂತ ಅರ್ಧ ಎಥೆನಾಲ್ ಇರುವ ಪೆಟ್ರೋಲಿಗೇ.

ಇದರ ಮೇಲೆ ಬೋಟು ಕಟ್ಟುವ ಜಾಗದ ಬಾಡಿಗೆ, ಅದನ್ನು ನೀರಿನಿಂದೆತ್ತುವ ಲಿಫ್ಟು, ಟ್ರೇಲರ್, ಅದನ್ನೆಳೆಯಲು ದೊಡ್ಡ ಟ್ರಕ್ಕು. ಬೋಟಿನ ಬೆಲೆಯ ಹತ್ತನೇ ಒಂದು ಭಾಗ ವರ್ಷ ವರ್ಷ ಎತ್ತಿಡಿ ಅಂತ ಅಲ್ಲಿಯವರು ಹೇಳುತ್ತಾರೆ. ಹೊಸ ಬೋಟಿಗೆ ಆ ಲೆಕ್ಕ ಪರವಾಗಿಲ್ಲ. ಹಳೇದಕ್ಕೆ ಹೊಂದಲ್ಲ. 40,000 ಡಾಲರ್‌ಗೆ ಕೊಂಡ ಬೋಟು ಅಂತ ಅಂಗಡಿಯವನು ಗೇರಿನ ಬೆಲೆ ಕಡಿಮೆ ಮಾಡುತ್ತಾನಾ?

ಹೊಸ ಬೋಟುಗಳ ಬೆಲೆ ಇಷ್ಟು ಏರಿದ್ದು ಯಾಕೆ?

ಒಂದೇ ಕಾರಣ ಇಲ್ಲ. 1991ರಲ್ಲಿ ಅಮೆರಿಕ ಸರ್ಕಾರ 1 ಲಕ್ಷ ಡಾಲರ್‌ಗಿಂತ ದುಬಾರಿ ಬೋಟುಗಳಿಗೆ, ಆ ಮಿತಿ ಮೀರಿದ ಮೊತ್ತದ ಮೇಲೆ 10% ಐಷಾರಾಮಿ ತೆರಿಗೆ ಹಾಕಿತು. ಶ್ರೀಮಂತರಿಂದ ವಸೂಲಿ ಅಂದುಕೊಂಡಿದ್ದರು. ಶ್ರೀಮಂತರು ಬೋಟು ಕೊಳ್ಳೋದನ್ನೇ ಮುಂದೂಡಿದರು. ಕೆಲಸ ಹೋಗಿದ್ದು ಫೈಬರ್‌ಗ್ಲಾಸ್ ಹಾಸುವ ಕೂಲಿಯವರದು. 1993ರಲ್ಲಿ ತೆರಿಗೆ ಕೈಬಿಟ್ಟರು. 2008ರ ಕುಸಿತದಲ್ಲಿ ಇನ್ನೊಂದು ಸುತ್ತು. ವೇಗದ ಬೋಟಿಗೆ ಹೆಸರಾದ ಫೌಂಟನ್ ಕಂಪನಿ 2009ರಲ್ಲಿ ದಿವಾಳಿ ಅರ್ಜಿ ಹಾಕಿತು. ಬಚಾವಾದವರು ಒಂದು ಪಾಠ ಕಲಿತರು: ಮಧ್ಯಮ ಬೆಲೆಯ ನೂರು ಬೋಟಿಗಿಂತ ತುಂಬಾ ದುಬಾರಿಯ ಹತ್ತು ಬೋಟು ಮಾಡೋದು ಸುರಕ್ಷಿತ. ಹತ್ತು ಕೊಳ್ಳುವವರು ಯಾವ ಕಾಲದಲ್ಲೂ ಇರುತ್ತಾರೆ.

ಆಮೇಲೆ ಕೋವಿಡ್. ಜನ ಮನೆಯಲ್ಲಿ ಕೂತು ಬೇಜಾರಾಗಿ ಬೋಟಿಗೆ ಮುಗಿಬಿದ್ದರು. ಫೈಬರ್‌ಗ್ಲಾಸ್‌ಗೆ ಬೇಕಾದ ರಾಳ, ಎಂಜಿನ್, ವೈರು, ಪರದೆ, ಯಾವುದೂ ಹೊತ್ತಿಗೆ ಸರಿಯಾಗಿ ಸಿಗಲಿಲ್ಲ. ಬೆಲೆ ಏರಿತು, ಮತ್ತೆ ಇಳಿಯಲಿಲ್ಲ.

ಅದರ ಬೆನ್ನಿಗೇ ಬಡ್ಡಿ. 2022ರ ಶುರುವಿನಲ್ಲಿ ಸೊನ್ನೆಯ ಹತ್ತಿರ ಇದ್ದ ಅಮೆರಿಕದ ಕೇಂದ್ರ ಬ್ಯಾಂಕಿನ ದರ 2023ರ ಜುಲೈ ಹೊತ್ತಿಗೆ 5.25-5.5% ಆಯಿತು. ಅಲ್ಲಿ ಬೋಟಿಗೆ 20 ವರ್ಷದ ಸಾಲ ಕೊಡುತ್ತಾರೆ, ಮನೆಗೆ ಕೊಟ್ಟ ಹಾಗೆ. 5 ಲಕ್ಷ ಡಾಲರ್ ಸಾಲಕ್ಕೆ ಬಡ್ಡಿ 4.5% ಇದ್ದರೆ ತಿಂಗಳ ಕಂತು ಸುಮಾರು 3,160 ಡಾಲರ್. 8.5% ಆದರೆ 4,340. ಬೋಟು ಅದೇ, ಕಂತು ತಿಂಗಳಿಗೆ ಸಾವಿರ ಡಾಲರ್‌ಗೂ ಮೇಲೆ ಏರಿತು.

ಈಗ ಎಲ್ಲ ಬೋಟಿನ ಹಿಂದೆ ನಾಲ್ಕೈದು ಔಟ್‌ಬೋರ್ಡ್ ಎಂಜಿನ್ ನೇತುಹಾಕಿರ್ತಾರಲ್ಲ, ಯಾಕೆ?

ನನಗೆ ಇದೇ ಅಸಲಿ ಪ್ರಶ್ನೆ. ಬೋಟು ಕೊಳ್ಳುವವರ ಜಾತಿಯೇ ಬದಲಾಗಿದ್ದು ಇಲ್ಲಿ.

ಔಟ್‌ಬೋರ್ಡ್ ನಮ್ಮ ಕರಾವಳಿಗೆ ಹೊಸದಲ್ಲ. ನಾಡದೋಣಿಯ ಹಿಂದೆ ಸೀಮೆಎಣ್ಣೆ ಕುಡಿದು ಪಟಪಟ ಅನ್ನುವ ಎಂಜಿನ್ ಅದೇ. ಅಮೆರಿಕದಲ್ಲೂ ವೇಗದ ಬೋಟಿನವರು ಅದನ್ನು ಮೀನು ಹಿಡಿಯೋರ ಎಂಜಿನ್ ಅಂತ ಕೀಳಾಗಿ ನೋಡುತ್ತಿದ್ದರು. 2019ರಲ್ಲಿ ಎಂಜಿನ್ ಕಂಪನಿ ಮರ್ಕ್ಯುರಿ ರೇಸಿಂಗ್‌ನವರು ಸೂಪರ್‌ಚಾರ್ಜರ್ ಇರುವ 450 ಎಚ್‌ಪಿಯ ಔಟ್‌ಬೋರ್ಡ್ ತಂದರು. ಮೂಗು ಮುರಿಯುತ್ತಿದ್ದವರು ಸುಮ್ಮನಾದರು. 2021ರಲ್ಲಿ ಮರ್ಕ್ಯುರಿಯಿಂದಲೇ 12 ಸಿಲಿಂಡರಿನ 600 ಎಚ್‌ಪಿ ಬಂತು. ಒಂದಕ್ಕೇ ಸುಮಾರು 77,000 ಡಾಲರ್. ಸಿಗರೆಟ್ ಕಂಪನಿಯ 59 ಅಡಿಯ ಬೋಟಿನ ಹಿಂದೆ 450 ಎಚ್‌ಪಿಯವು ಆರು ಸಾಲಾಗಿ ನಿಂತಿವೆ. ಒಟ್ಟು 2,700 ಎಚ್‌ಪಿ.

ಅನುಕೂಲ ಒಂದಲ್ಲ, ನಾಲ್ಕಾರು. ಎಂಜಿನ್ ಹೊರಗೆ ಹೋಯಿತು, ಒಳಗೆ ಸೋಫಾಗೆ ಜಾಗ ಸಿಕ್ಕಿತು. ಬಚ್ಚಲು, ಅಡುಗೆ ಕಟ್ಟೆ, ನೆರಳು, ಎಸಿ. ಒಂದು ಎಂಜಿನ್ ಕೈಕೊಟ್ಟರೂ ಉಳಿದವು ಮನೆ ಮುಟ್ಟಿಸುತ್ತವೆ. ಕೆಟ್ಟರೆ ಬೋಲ್ಟು ಬಿಚ್ಚಿ ಹೊಸದು ಕೂರಿಸಬಹುದು. ಜಾಯ್‌ಸ್ಟಿಕ್ ಒತ್ತಿದರೆ ಬೋಟು ತಾನೇ ಅಡ್ಡಡ್ಡ ಸರಿದು ದಂಡೆಗೆ ತಾಗುತ್ತದೆ. ಸದ್ದೂ ಕಡಿಮೆ. ಮುಖ್ಯವಾಗಿ ಹೆಂಡತಿ ಮಕ್ಕಳು ಬರಲು ಒಪ್ಪುತ್ತಾರೆ. ಹಳೇ ಬೋಟಿನಲ್ಲಿ ಸ್ನೇಹಿತನ ಹೆಂಡತಿ ಬಂದಿದ್ದು ಎರಡೇ ಸಲ. ಎರಡನೇ ಸಲ ಇಳಿದಾಗ ಏನೂ ಮಾತಾಡಲಿಲ್ಲ, ಸುಮ್ಮನೆ ಕಾರಿನಲ್ಲಿ ಹೋಗಿ ಕೂತರು.

ಆದರೆ ನೋಡಿ, ಅನುಕೂಲದ ಜೊತೆ ಇನ್ನೊಂದು ನಡೆಯಿತು. ಹಳೇ ಬೋಟು ಇಟ್ಟುಕೊಂಡವರಲ್ಲಿ ಪ್ಲಂಬರ್ ಗುತ್ತಿಗೆದಾರರು, ಗ್ಯಾರೇಜಿನವರು, ಟ್ರಕ್ ಓಡಿಸುವವರು ತುಂಬಾ ಇದ್ದರು. ದುಡ್ಡು ಕಡಿಮೆ ಬಿದ್ದ ಕಡೆ ಅವರು ತಮ್ಮ ದುಡಿಮೆ ಹಾಕುತ್ತಿದ್ದರು. ಭಾನುವಾರ ಬೆಳಿಗ್ಗೆ ಎಂಜಿನ್ ಮುಚ್ಚಳ ಎತ್ತಿ ತಲೆ ಒಳಗೆ ಹಾಕಿದರೆ ಮಧ್ಯಾಹ್ನಕ್ಕೆ ಬೋಟು ನೀರಿಗೆ. ಆ 450 ಎಚ್‌ಪಿ ಔಟ್‌ಬೋರ್ಡಿನ ಮುಚ್ಚಳ ತೆಗೆದರೆ ನಿಮಗೆ ಕಾಣುವುದು ವೈರು ಮತ್ತು ಕಂಪ್ಯೂಟರ್ ಪೆಟ್ಟಿಗೆ. ಡೀಲರ್ ಬಂದು ಲ್ಯಾಪ್‌ಟಾಪ್ ಚುಚ್ಚಬೇಕು. ಶ್ರಮ ಹಾಕಿ ದುಡ್ಡು ಉಳಿಸುವ ದಾರಿ ಮುಚ್ಚಿಹೋಯಿತು. ಆ ಜನ ಹೋದರು. ಬದಲಿಗೆ ಬಂದವರಿಗೆ ವೇಗ ಬೇಕು, ಆಯಿಲ್ ವಾಸನೆ ಬೇಡ.

ಬೋಟಿನ ಅಗಲದಲ್ಲೂ ಇದೇ ಕತೆ. ಆಗಿನ 38 ಅಡಿಯ ಬೋಟಿನ ಅಗಲ ಎಂಟು ಅಡಿ. ಎಂಟೂವರೆ ಅಡಿ ತನಕ ಪರವಾನಗಿ ಇಲ್ಲದೆ ರಸ್ತೆಯಲ್ಲಿ ಎಳೆದುಕೊಂಡು ಹೋಗಬಹುದು, ಮನೆ ಹಿತ್ತಲಲ್ಲಿ ನಿಲ್ಲಿಸಬಹುದು. ಈಗಿನವು ಹತ್ತು ಅಡಿ, ಹನ್ನೆರಡು ಅಡಿ. ಹಿತ್ತಲು ಸಾಲಲ್ಲ, ನೀರಿನ ಪಕ್ಕ ಮನೆಯೇ ಬೇಕು.

ಹಾಗಿದ್ರೆ ಹಳೇ ಬೋಟು ಈಗ ಅಗ್ಗಕ್ಕೆ ಸಿಗುತ್ತಾ?

ಸಿಗುತ್ತದೆ. ಅದೇ ಅಪಾಯ. ನೋಡಲು ಮಿರಮಿರ ಮಿಂಚುವ, ಒಂದು ಕಾಲದಲ್ಲಿ 2-3 ಲಕ್ಷ ಡಾಲರ್ ಇದ್ದ ಬೋಟು ಹೊಸ ಪಿಕಪ್ ಟ್ರಕ್ಕಿನ ಬೆಲೆಗೆ ನಿಂತಿರುತ್ತದೆ. ಕೊಳ್ಳುವ ಮುಂಚೆ ಎಂಜಿನ್ ಓಡಿದ ಗಂಟೆ ಎಷ್ಟು, ಕೊನೆಯ ಸಲ ಬಿಚ್ಚಿ ಕಟ್ಟಿದ್ದು ಯಾವಾಗ, ರಸೀದಿ ಇದೆಯಾ ಅಂತ ಕೇಳಿ. ಹಿಂಬದಿಯ ಗೋಡೆಯೊಳಗಿನ ಮರ ನೀರು ಕುಡಿದು ಕೊಳೆತಿದೆಯಾ ಅಂತ ತಿಳಿದವರಿಂದ ತಟ್ಟಿ ನೋಡಿಸಿ. ರಸೀದಿ ಇಲ್ಲದ ಎಂಜಿನ್‌ಗೆ ಬೆಲೆ ಸೊನ್ನೆ ಅಂತಲೇ ಲೆಕ್ಕ ಹಾಕಿ.

ವಿಮೆ ಸಿಗುತ್ತಾ?

ಸಿಗುತ್ತೆ, ಸುಲಭಕ್ಕಲ್ಲ. ಮಾಮೂಲಿ ವಿಮೆಯವರು ಇಂತಿಷ್ಟು ವೇಗ ದಾಟಿದ ಬೋಟು ನಮಗೆ ಬೇಡ ಅಂತಾರೆ. ಒಪ್ಪಿದವರೂ ಬೋಟು ತಪಾಸಣೆ ಮಾಡಿಸಿ ಅಂತಾರೆ, ನೀವು ಹಿಂದೆ ಓಡಿಸಿದ ಬೋಟುಗಳ ಪಟ್ಟಿ ಕೇಳುತ್ತಾರೆ. 25 ಅಡಿಯಿಂದ ನೇರ 42 ಅಡಿಗೆ ಹಾರಿದರೆ ತರಬೇತಿ ಪಡೆದು ಬನ್ನಿ ಅನ್ನಬಹುದು. ಫ್ಲಾರಿಡಾದಲ್ಲಿ ಇದರ ಮೇಲೆ ಚಂಡಮಾರುತದ ಭಯ ಬೇರೆ. 2022ರ ಇಯನ್ ಚಂಡಮಾರುತದಲ್ಲಿ ಬೋಟುಗಳು ರಸ್ತೆ ಮೇಲೆ ರಾಶಿ ಬಿದ್ದಿದ್ದನ್ನು ನೀವೂ ಟಿವಿಯಲ್ಲಿ ನೋಡಿರಬಹುದು.

ಜನ ಯಾಕೆ ಈ ಬೋಟುಗಳನ್ನ ಬೈತಾರೆ?

ಸದ್ದು. ಹೊಗೆಕೊಳವೆಯನ್ನು ನೀರಿನೊಳಕ್ಕೆ ತಿರುಗಿಸದೆ ನೇರ ಹೊರಗೆ ಬಿಟ್ಟರೆ ಗುಡುಗಿದ ಹಾಗಿರುತ್ತದೆ. ಓಡಿಸುವವನಿಗೆ ಸಂಗೀತ, ದಂಡೆಯಲ್ಲಿ ನಿದ್ದೆಗೆಟ್ಟವನಿಗೆ ನರಕ. ಇಬ್ಬರ ಮಾತೂ ನನಗೆ ಸರಿ ಅನಿಸುತ್ತದೆ. ನ್ಯೂ ಹ್ಯಾಂಪ್‌ಶೈರ್‌ನ ವಿನ್ನಿಪೆಸಾಕಿ ಸರೋವರದಲ್ಲಿ ವರ್ಷಗಟ್ಟಲೆ ಜಗಳವಾಗಿ, 2009ರಿಂದ ಹಗಲು 45 ಮೈಲಿ, ರಾತ್ರಿ 30 ಮೈಲಿ ಮಿತಿ ಬಂತು. 80 ಮೈಲಿ ಓಡುವ ಬೋಟು ಕಟ್ಟಿಕೊಂಡು ಅಲ್ಲಿ ಏನು ಮಾಡೋದು?

ಅಪಾಯ ಎಷ್ಟು?

ವೇಗ ಏರಿದ ಹಾಗೆ ಬೋಟು ನೀರಿನಿಂದ ಮೇಲೆದ್ದು ತಳದ ಸಣ್ಣ ತುಂಡಿನ ಮೇಲೆ ಓಡುತ್ತದೆ. ಆಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಾಡಲು ಶುರು ಮಾಡುತ್ತದೆ. ಹೊಸಬ ಗಾಬರಿಯಿಂದ ಸ್ಟೀರಿಂಗ್ ತಿರುಗಿಸುತ್ತಾನೆ, ವಾಲಾಟ ಜೋರಾಗುತ್ತದೆ, ಬೋಟು ಮಗುಚುತ್ತದೆ. ಅಂಥ ಹೊತ್ತಲ್ಲಿ ಮೆಲ್ಲಗೆ ವೇಗ ಇಳಿಸಬೇಕು, ಅಷ್ಟೇ. ಚಾಲಕ ಬಿದ್ದರೆ ಎಂಜಿನ್ ನಿಲ್ಲಿಸುವ ಹಗ್ಗವನ್ನು ಮೈಗೆ ಸಿಕ್ಕಿಸಿಕೊಳ್ಳುವುದು 2021ರ ಏಪ್ರಿಲ್ 1ರಿಂದ ಅಮೆರಿಕದಲ್ಲಿ ಕಡ್ಡಾಯ. ಆದರೆ 26 ಅಡಿಗಿಂತ ಚಿಕ್ಕ ಬೋಟುಗಳಿಗೆ ಮಾತ್ರ! ದೊಡ್ಡ ಬೋಟಿನಲ್ಲಿ ಅದು ಅವರವರ ಬುದ್ಧಿಗೆ ಬಿಟ್ಟಿದ್ದು.

ಪೋಕರ್ ರನ್ ಅಂದ್ರೆ ಜೂಜಾ?

ಹೆಸರಿಗೆ. ಬೋಟಿನವರೆಲ್ಲ ಸೇರಿ ಹೊರಡುವ ಸವಾರಿ ಅದು. ಐದು ಕಡೆ ನಿಂತು ಐದು ಇಸ್ಪೀಟ್ ಎಲೆ ತಗೋಬೇಕು, ಒಳ್ಳೇ ಕೈ ಬಂದವರಿಗೆ ಬಹುಮಾನ. ಮೊದಲು ಮುಟ್ಟಿದವರಿಗೇನೂ ಇಲ್ಲ. ಆದರೂ ಎಲ್ಲರೂ ಪೂರ್ತಿ ಥ್ರಾಟಲ್ಲಿನಲ್ಲೇ ಹೋಗುತ್ತಾರೆ. ನಿಜವಾಗಿ ವೇಗ ಅಳೆಯುವುದು ಓಝಾರ್ಕ್ಸ್‌ನ ಶೂಟ್‌ಔಟ್ ಎಂಬ ಸ್ಪರ್ಧೆಯಲ್ಲಿ. 1988ರಿಂದ ನಡೆಯುತ್ತಿದೆ, ಆಗಸ್ಟ್ ಕೊನೆಗೆ. 2014ರಲ್ಲಿ ಟರ್ಬೈನ್ ಎಂಜಿನ್ನಿನ ಒಂದು ಬೋಟು ಅಲ್ಲಿ ಗಂಟೆಗೆ 244 ಮೈಲಿ ಮುಟ್ಟಿತು.

ಕರೆಂಟ್ ಬೋಟು ಬಂದ್ರೆ ಖರ್ಚು ಕಡಿಮೆಯಾಗಲ್ವಾ?

ಅದೇ ಶೂಟ್‌ಔಟ್‌ನಲ್ಲಿ 2022ರಲ್ಲಿ ಬ್ಯಾಟರಿ ಬೋಟೊಂದು ಗಂಟೆಗೆ 109 ಮೈಲಿ ವೇಗ ಮುಟ್ಟಿತು. ಒಂದು ಮೈಲಿಯ ಓಟಕ್ಕೆ ಅದು ಸರಿ. ನೂರು ಮೈಲಿ ಸುತ್ತಾಡಿ ಬರೋಣ ಅಂದರೆ ಬೇಕಾಗುವ ಬ್ಯಾಟರಿಯ ತೂಕಕ್ಕೆ ಬೋಟು ಏಳೋದೇ ಇಲ್ಲ. ಆ ಹಾರ್ಸ್‌ಪವರ್ ಲೆಕ್ಕ ಇಲ್ಲೂ ಬೆನ್ನು ಬಿಡಲ್ಲ. ನೀರಿನಡಿ ರೆಕ್ಕೆಯಿಟ್ಟು ಬೋಟನ್ನು ಮೇಲೆತ್ತುವ ಜಾಣ ದಾರಿ ಬೇರೆ ಇದೆ. 2024ರಲ್ಲಿ ಶುರುವಾದ ಇ1 ಓಟದಲ್ಲಿ ಅಂಥವೇ ಓಡುವುದು, 50 ನಾಟ್, ಅಂದರೆ 93 ಕಿಲೋಮೀಟರ್ ವೇಗ. ನಮ್ಮ ಆರ್‌ಸಿಬಿಯ ವಿರಾಟ್ ಕೊಹ್ಲಿ ಅದರ ಒಂದು ತಂಡದ ಪಾಲುದಾರ. ನೋಡೋಕೆ ಚೆನ್ನಾಗಿದೆ. ಸದ್ದಿಲ್ಲದೆ ಹೋಗುತ್ತದೆ. ನನ್ನ ಸ್ನೇಹಿತ ಫೋನಿನಲ್ಲಿ ಆ ವಿಡಿಯೊ ನೋಡಿ, ವಾಲ್ಯೂಮ್ ಕೆಟ್ಟಿದೆಯಾ ಅಂತ ಬಟನ್ ಒತ್ತಿದ.

ನಮ್ಮ ಕರಾವಳಿಯಲ್ಲಿ ಒಂದು ಇಟ್ಟುಕೊಳ್ಳಬಹುದಾ?

ದುಡ್ಡಿದ್ದರೆ. 2025ರ ಸೆಪ್ಟೆಂಬರ್ 22ರಿಂದ ಮೋಜಿನ ಬೋಟಿಗೆ 40% ಜಿಎಸ್‌ಟಿ, ಆಮದು ಸುಂಕ ಬೇರೆ. ಅದಕ್ಕಿಂತ ದೊಡ್ಡ ತೊಂದರೆ, ಇಂಥ ಎಂಜಿನ್ ಕೈಯಲ್ಲಿ ಹಿಡಿದ ಮೆಕ್ಯಾನಿಕ್ ಎಲ್ಲಿ ಸಿಗಬೇಕು? ಮಳೆಗಾಲದಲ್ಲಿ ನಾಲ್ಕು ತಿಂಗಳು ಎಲ್ಲಿ ನಿಲ್ಲಿಸ್ತೀರಿ? ನಮ್ಮಲ್ಲಿ ವೇಗದ ಬೋಟು ಅಂದರೆ ಮಲ್ಪೆಯ ಕರಾವಳಿ ಕಾವಲು ಪೊಲೀಸರ ಗಸ್ತು ಬೋಟು. ನಮಗೆ ಸದ್ಯಕ್ಕೆ ಅಷ್ಟೇ ಭಾಗ್ಯ.

ನಿಮ್ಮ ಸ್ನೇಹಿತನ ಬೋಟು ಏನಾಯ್ತು?

ಮಾರಿದ. ಬಲಗಡೆ ಎಂಜಿನ್ ಬಿಚ್ಚಿ ಕಟ್ಟುವ ಹೊತ್ತು ಬಂದಿತ್ತು, ಬೆನ್ನುನೋವೂ ಶುರುವಾಗಿತ್ತು. ಜಾಹೀರಾತು ನೋಡಿ ಬಂದವರು ಹೆಚ್ಚಿನವರು ಬೋಟಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಎಷ್ಟು ಓಡುತ್ತೆ ಅಂತ ಕೇಳಿ ಹೋದರು. ಕೊನೆಗೆ ಡೀಸೆಲ್ ಮೆಕ್ಯಾನಿಕ್ ಹುಡುಗನೊಬ್ಬ ಬಂದ. ಮೂವತ್ತು ತುಂಬಿರಲಿಲ್ಲ. ಜೊತೆಗೆ ತಪಾಸಣೆಯವನೂ ಇಲ್ಲ, ಗೆಳತಿಯೂ ಇಲ್ಲ, ಒಂದು ಟೂಲ್ ಬಾಕ್ಸ್. ಎಂಜಿನ್ ಮುಚ್ಚಳ ಎತ್ತಿಸಿ ಮುಕ್ಕಾಲು ಗಂಟೆ ಒಳಗೇ ತಲೆ ಹಾಕಿಕೊಂಡಿದ್ದ. ಎಷ್ಟು ಓಡುತ್ತೆ ಅಂತ ಒಂದು ಸಲವೂ ಕೇಳಲಿಲ್ಲ. ಎಡಗಡೆ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಯಾವಾಗ ಬದಲಿಸಿದ್ದು ಅಂತ ಕೇಳಿದ. ಸ್ನೇಹಿತ ಹೇಳಿದ್ದಕ್ಕಿಂತ 4,000 ಡಾಲರ್ ಕಡಿಮೆಗೆ ಕೊಟ್ಟುಬಿಟ್ಟ.